ಎದೆಯಲ್ಲಿ ನಿಲ್ಲುವ ತುತ್ತು

ಊಟದ ನಡುವೆ ಥಟ್ಟನೆ ಎದ್ದು, ಎರಡೂ ಕೈಗಳನ್ನು ಮೇಲಕ್ಕೆತ್ತಿ, ಗದ್ದವನ್ನು ಸೂರಿನ ಕಡೆಗೆ ಚಾಚಿ, ಪೊಲೀಸರ ಕೈಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ಅಲುಗಾಡದೆ ನಿಲ್ಲುವುದು ಕೋಟು ಮಾಸ್ಟರರ ನಿತ್ಯದ ಪದ್ಧತಿಯಾಗಿತ್ತು. ಆಮೇಲೆ ಒಂದು ಲೋಟ ನೀರು ಸುರಿದುಕೊಂಡು, ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿದರೆ ಎದೆಯ ನಡುವೆ ನಿಂತ ತುತ್ತು ಕೆಲವೊಮ್ಮೆ ಇಳಿಯುತ್ತಿತ್ತು. ಇಳಿಯದಿದ್ದರೆ ಜಗಿದದ್ದು ಜಗಿದ ಹಾಗೆಯೇ ವಾಪಸು ಬರುತ್ತಿತ್ತು. "ನನ್ನ ಅಡುಗೆ ಅಂದ್ರೆ ನಿಮಗೆ ಅಷ್ಟು ಸಸಾರನಾ?" ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಹೋಗುವರು. ಸಿಟ್ಟು ಬಂದಾಗ ಮಾಸ್ಟರರ ದನಿ ಏರುತ್ತಿರಲಿಲ್ಲ, ತಗ್ಗುತ್ತಿತ್ತು. "ಇಳೀತಾ ಇಲ್ಲ ಕಣೇ, ಅಷ್ಟೇ" ಎಂದು ಬಾಯೊರೆಸಿಕೊಂಡು ಅಂಗಡಿಗೆ ಹೊರಡುತ್ತಿದ್ದರು.

ಅಂಗಡಿಯೆಂದರೆ ಆರು ಹೆಜ್ಜೆಯ ಕೋಣೆ: ಬಟ್ಟೆ ಕತ್ತರಿಸುವ ಮೇಜು, ಎರಡು ಮಿಷನ್ನು, ಒಂದು ನಿಲುವುಗನ್ನಡಿ. ಮೂವತ್ತು ವರ್ಷ ಕೋಟಲ್ಲದೆ ಬೇರೇನನ್ನೂ ಹೊಲಿಯದ ಈ ಮನುಷ್ಯ, ತಾವೂ ಬೂದುಬಣ್ಣದ ಕೋಟಿಲ್ಲದೆ ಬೀದಿಗಿಳಿದವರಲ್ಲ. "ಹೊಲಿಯೋನ ಕೋಟೇ ಜೋತಾಡಿದ್ರೆ ಗಿರಾಕಿ ಯಾಕ್ರೀ ಬರ್ತಾನೆ?" ಎನ್ನುವರು. ಈ ಹಾಳು ಅಭಿಮಾನವೇ ಅವರಿಗೆ ಮುಳುವಾಯಿತು. ದೇಹ ಕ್ಷೀಣಿಸಿದಂತೆಲ್ಲ ಪಕ್ಕದ ಹೊಲಿಗೆ ಬಿಚ್ಚಿ, ಬೆರಳಗಲ ಒಳಕ್ಕೆ ಹಿಡಿದು, ಮತ್ತೆ ಹೊಲಿದು, ಇಸ್ತ್ರಿ ತೀಡಿ ತೊಟ್ಟುಕೊಳ್ಳುವರು. ಕರಗುತ್ತಿರುವ ಮೈಯನ್ನು ತಮ್ಮದೇ ಕೈಚಳಕದಿಂದ ಮುಚ್ಚಿಟ್ಟುಕೊಳ್ಳುತ್ತಿದ್ದೇವೆಂಬ ಪರಿವೆ ಅವರಿಗೇ ಇರಲಿಲ್ಲ.

ಡಾಕ್ಟರಿಗೆ ಮೂರು ಸಲ ತೋರಿಸಿದರು. ಆ ಮಹಾನುಭಾವರ ಕೋಣೆಯಲ್ಲಿ ತೂಕದ ಯಂತ್ರವೇನೋ ಇತ್ತು. ಅದರ ಮೇಲೆ ಮೊಣಕಾಲೆತ್ತರ ಫೈಲು ಪೇರಿಸಿದ್ದರು. ಮೊದಲ ಸಲ ಎದೆಯುರಿಯ ಮಾತ್ರೆ, ಎರಡನೆಯ ಸಲ ಅದೇ ಮಾತ್ರೆ ಜಾಸ್ತಿ. ಮೂರನೆಯ ಸಲ, "ನೀರು ಕೂಡ ನಿಲ್ಲುತ್ತೆ ಡಾಕ್ಟ್ರೇ, ಮಲಗಿದ್ರೆ ಮೂಗಿಗೆ ಬರುತ್ತೆ" ಎಂದರೆ, ಬರೆಯುತ್ತಿದ್ದ ಚೀಟಿಯಿಂದ ತಲೆಯನ್ನೂ ಎತ್ತದೆ, "ಮೈಗೆ ಹೊಲಿದ ಹಾಗೆ ಕೂತಿದೆಯಲ್ರೀ ಕೋಟು! ಎಲ್ಲಿ ಸೊರಗಿದ್ದೀರಿ? ಎಲ್ಲಾ ಮನಸ್ಸಿಂದು" ಎಂದು ನಿದ್ದೆಮಾತ್ರೆ ಬರೆದುಕೊಟ್ಟರು. ಥೂ! ಮೈಗೆ ಹೊಲಿದದ್ದೇ ಅದು. ಆ ತಿಂಗಳಲ್ಲಿ ಎರಡನೆಯ ಸಲ.

ಮಾಸ್ಟರರು ನೆಟ್ಟಗೆ ಅಂಗಡಿಗೆ ಬಂದು, ಕೋಟು ಕಳಚಿ, ಬ್ಲೇಡಿನಿಂದ ಒಳಗೆ ಹಿಡಿದಿದ್ದ ಹೊಲಿಗೆಗಳನ್ನೆಲ್ಲ ಬಿಚ್ಚಿದರು. ಮೊದಲಿನ ಅಳತೆಗೆ ಅಗಲವಾದ ಅದನ್ನೇ ತೊಟ್ಟು, ಹೆಗಲಿನಿಂದ ಜಾರದಂತೆ ಎದೆಯ ಬಳಿ ಮುಷ್ಟಿಯಲ್ಲಿ ಹಿಡಿದು, ಹಾದಿಯುದ್ದಕ್ಕೂ ನಿಂತು ನೋಡಿದವರನ್ನು ಲೆಕ್ಕಿಸದೆ ಆಸ್ಪತ್ರೆಗೆ ನಡೆದರು. ಡಾಕ್ಟರ ಮುಂದೆ ಅಂಚು ಮಗುಚಿ, ಸೂಜಿಯ ತೂತುಗಳ ಸಾಲುಗಳನ್ನು ತೋರಿಸಿದರು.

"ಇದು ಎರಡು ವರ್ಷದ ಹಿಂದಿನ ಹೊಲಿಗೆ. ಇದು ಆರು ತಿಂಗಳದ್ದು. ಇದು ಮೊನ್ನೆಯದು. ನನ್ನ ಮಾತು ನಂಬಲಿಲ್ಲ, ದಾರ ಹೋದ ದಾರಿಯನ್ನಾದ್ರೂ ನಂಬಿ" ಎಂದರು, ಪಕ್ಕದ ನರ್ಸಮ್ಮನಿಗೂ ಕೇಳಿಸದಷ್ಟು ತಗ್ಗಿದ ದನಿಯಲ್ಲಿ.

ಫೈಲುಗಳು ಆಗ ನೆಲಕ್ಕಿಳಿದವು. ಹಳೆಯ ಚೀಟಿಯೊಂದರಲ್ಲಿದ್ದ ತೂಕಕ್ಕಿಂತ ಹದಿನೆಂಟು ಕಿಲೋ ಇಳಿದಿತ್ತು. ಬಿಳಿಯ ಔಷಧಿ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳ ಮೇಲೆ ಚೀಲದಂತೆ ಉಬ್ಬಿ, ಹೊಟ್ಟೆ ಸೇರುವಲ್ಲಿ ನೂಲಿನಂತೆ ಸಣ್ಣಗಾಗಿತ್ತು; ಅಲ್ಲಿಯ ಸ್ನಾಯು ಸಡಿಲವಾಗುವುದನ್ನೇ ಮರೆತಿತ್ತು. ದೊಡ್ಡಾಸ್ಪತ್ರೆಯಲ್ಲಿ ಬಾಯಿಯಿಂದ ಬಲೂನು ಇಳಿಸಿ, ಆ ಬಿಗಿಯನ್ನು ಹಿಗ್ಗಿಸಿದರು. ಒಂದು ವರ್ಷಕ್ಕೆ ಮತ್ತೆ ಬಿಗಿಯಿತು, ಮತ್ತೆ ಹಿಗ್ಗಿಸಿದರು. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಮಂಚದ ತಲೆಯ ಕಡೆಯನ್ನು ಎತ್ತರಿಸಲು ಮರದ ದಿಮ್ಮಿ, ತುತ್ತಿಗೊಂದು ಗುಟುಕು ನೀರು, ಊಟಕ್ಕೆ ಒಂದು ಗಂಟೆ, ಹೀಗೆ ಅದರೊಡನೆ ಬಾಳುವೆ ನಡೆಯಿತು.

ಹೆಂಡತಿ ಅತ್ತರು. "ನೀನು ಬೈದೆ, ಆದ್ರೆ ಮಾರನೇ ದಿನ ಮತ್ತೆ ಬಡಿಸ್ದೆ" ಎಂದು ಮಾಸ್ಟರರು ಅವರನ್ನು ಅಂದೇ ಕ್ಷಮಿಸಿದರು. ಡಾಕ್ಟರನ್ನು ಕ್ಷಮಿಸಲಿಲ್ಲ. ಒಮ್ಮೆ ಆತ ದಾರಿಯಲ್ಲಿ ಸಿಕ್ಕಿ, ಹೆಗಲು ತಟ್ಟಿ, "ಮೊದಲೇ ಸರಿಯಾಗಿ ಹೇಳ್ಬಾರ್ದಾಗಿತ್ತೇನ್ರೀ?" ಎಂದಾಗ ಮಾಸ್ಟರರು ಆ ಕೈಯನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟು, ಮುಂದೆ ನಡೆದರು.

ಇಂಥವರನ್ನು ನಾವು ಸಹನಶೀಲರೆಂದು ಬಾಯ್ತುಂಬ ಹೊಗಳುತ್ತೇವೆ. ಆ ಹೊಗಳಿಕೆ ನಮ್ಮದೇ ಅನುಕೂಲಕ್ಕೆ. ಅವರು ಗೋಳಾಡದೆ, ಸ್ಫುಟವಾಗಿ, ಇರುವುದನ್ನು ಇದ್ದಂತೆ ಹೇಳಿರುತ್ತಾರೆ, ಮತ್ತು ಗೋಳಾಡಲಿಲ್ಲವೆಂಬ ಒಂದೇ ಕಾರಣಕ್ಕೆ ನಾವು ಅದನ್ನು ಕೇಳಿಸಿಕೊಂಡಿರುವುದಿಲ್ಲ. ಕಾಯಿಲೆಯ ಮೇಲೆ ಇಂಥವರಿಗೆ ಕೋಪವಿರುವುದಿಲ್ಲ. ಕಾಯಿಲೆಗೆ ಕಿವಿಯಿಲ್ಲ, ನಮಗಿತ್ತು.