ಒಗೆದ ಎಲೆ

“ನಾ ಸೋತ್ನೆಪಾ,” ಎಂದು ಮುರಗೆಪ್ಪ ಕೈಯಲ್ಲಿದ್ದ ಮೂರು ಇಸ್ಪೀಟು ಎಲೆಗಳನ್ನು ಚಾಪೆಯ ಮೇಲೆ ಬೋರಲಾಗಿ ಒಗೆದ.

ವಿಠೋಬಾನ ಚಹಾದಂಗಡಿಯ ಹಿಂದಿನ ಖೋಲಿಯಲ್ಲಿ ಬೀಡಿ ಸೇದುತ್ತಿದ್ದವರು ಸೇದುವುದನ್ನೇ ಮರೆತರು. ಅಂದು ಅಮಾವಾಸ್ಯೆ, ರಬಕವಿಯಲ್ಲಿ ಒಂದು ಮಗ್ಗವೂ ಸಪ್ಪಳ ಮಾಡದ ದಿನ. ನೇಕಾರರು ಪೂಜೆ ಮುಗಿಸಿ, ಹೋಳಿಗೆ ಉಂಡು, ಮಧ್ಯಾಹ್ನ ಇಲ್ಲಿ ಕೂತು ಮೂರೆಲೆ ಆಡುವುದು ಅಪ್ಪಂದಿರ ಕಾಲದ ರೂಢಿ. ಸಂಸ್ಥಾನದ ಸಿಪಾಯಿಗಳು ಆ ದಿನ ಈ ಓಣಿಗೆ ತಲೆ ಹಾಕುತ್ತಿರಲಿಲ್ಲ. ಹಾಕಿದರೂ ಒಂದು ಕೈ ಆಡಿಯೇ ಹೋಗುತ್ತಿದ್ದರು. ಪಣವೆಂದರೆ ಚಹಾ, ಬೀಡಿಕಟ್ಟು, ಬಹಳವಾದರೆ ತಲೆಗೆ ಸುತ್ತುವ ಒಂದು ಪಟಗ. ಮಗ್ಗವನ್ನು ಇಟ್ಟ ಪುಣ್ಯಾತ್ಮ ಈವರೆಗೆ ಯಾರೂ ಇರಲಿಲ್ಲ. ಇವತ್ತು ಮುರಗೆಪ್ಪ ಇಟ್ಟಿದ್ದ, ಅದೂ ಅಪ್ಪನ ತೇಗಿನ ಮಗ್ಗವನ್ನು, ಅದೂ ಮನೆ ಪಾಲಾದಾಗಿನಿಂದ ಮಾತು ಬಿಟ್ಟಿದ್ದ ತಮ್ಮ ಮಲಕಾಜಪ್ಪನ ಎದುರಿಗೆ.

ಪಾಲಿನಲ್ಲಿ ಆ ಮಗ್ಗ ಹಿರಿಯನಿಗೆ ಹೋದದ್ದೇ ಜಗಳದ ಬೇರು. ಮಲಕಾಜಪ್ಪ ರೋಷಕ್ಕೆ ಬಿದ್ದು, “ಹಂಗಾದ್ರ ನಂದೂ ಇಡತೇನಿ,” ಎಂದು ತನ್ನ ಮಗ್ಗವನ್ನು ಒಡ್ಡಿದ್ದ. ಇನ್ನು ಎಲೆ ತೋರಿಸುವುದಷ್ಟೇ ಬಾಕಿ ಇತ್ತು. ಆಗ ಅಣ್ಣ ಎಲೆ ಒಗೆದುಬಿಟ್ಟ.

“ಇಷ್ಟ ದೊಡ್ಡ ಪಣ ಇಟ್ಟು ತೋರಸದನ ಒಗೀತಾರೇನ್ರೀ?” ಎಂದ ಗಿರಮಲ್ಲಪ್ಪ. ಪಕ್ಕದ ಮನೆಯವನು, ಬಾಯಿ ಸುಮ್ಮನಿರದ ಮನುಷ್ಯ.

“ನನ್ನ ಎಲಿ, ನನ್ನ ಖುಷಿ,” ಎಂದು ಮುರಗೆಪ್ಪ ಎದ್ದ. ಗೋಡೆ ಸವರಿಕೊಂಡು ಬಾಗಿಲಿಗೆ ಹೋಗಿ, ಹೊಸ್ತಿಲಲ್ಲಿ ಎಡವಿ, ವಿಠೋಬಾನನ್ನು ಬೈದು ಹೊರಟುಹೋದ. ಕುಡಿದಿದ್ದಾನೆ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಮಲಕಾಜಪ್ಪನಿಗೆ ಗೆದ್ದ ಸಂತೋಷ ಆಗಬೇಕಾಗಿತ್ತು. ಆಗಲಿಲ್ಲ. ಅವನ ಕೈಯಲ್ಲಿದ್ದದ್ದು ಬರೀ ಹತ್ತರ ಜೋಡಿ. ಒಗೆದ ಎಲೆಯನ್ನು ತಿರುವಿ ನೋಡಬಾರದು ಎಂಬುದು ಆ ಖೋಲಿಯ ನೇಮ. ವಿಠೋಬಾ ಚಹಾ ತರಲು ಅಂಗಡಿಗೆ ಹೋದ, ಉಳಿದವರು ಬಾಗಿಲಿನತ್ತ ನೋಡುತ್ತಿದ್ದರು. ಮಲಕಾಜಪ್ಪ ನೇಮ ಮುರಿದ. ಒಂದನ್ನು ಎತ್ತಿದ: ಎಕ್ಕಾ. ಇನ್ನೊಂದು: ಎಕ್ಕಾ. ಮೂರನೆಯದೂ ಎಕ್ಕಾ. ಅದನ್ನು ಮೀರಿಸುವ ಎಲೆ ಆ ಆಟದಲ್ಲಿ ಇಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ತಲೆ ಗೊಂದಲದ ಗೂಡಾಗಿತ್ತು. ಅಣ್ಣ ಕನಿಕರ ತೋರಿಸಿದನೇ? ಹಾಗಿದ್ದರೆ ಅದರಂಥ ಅವಮಾನ ಇನ್ನೊಂದಿಲ್ಲ. ಮಗ್ಗ ಕೊಡಬೇಕೆಂದಿದ್ದರೆ ಕರೆದು ಕೊಡಬಹುದಿತ್ತಲ್ಲ, ಊರ ಮುಂದೆ ಈ ನಾಟಕ ಯಾಕೆ? ಅಥವಾ ಹುಚ್ಚು ಹಿಡಿಯಿತೇ? ಎಲೆ ಕೈಗೆ ಬಂದಾಗ ಅಣ್ಣ ಅವನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, ಮತ್ತೆ ಹತ್ತಿರ ತಂದಿದ್ದ. “ಎಲಿ ಮೂಸಿ ಆಡಾಕತ್ತಾನ ನೋಡ್ರಿ, ದೊಡ್ಡ ಆಟಗಾರ!” ಎಂದು ಗಿರಮಲ್ಲಪ್ಪ ನಗಿಸಿದ್ದ. ಅದೇ ಉಮೇದಿನಲ್ಲಿ ಊರ ಸುದ್ದಿ ತೆಗೆದಿದ್ದ: ಓಣಿಯ ಯಲ್ಲಕ್ಕನ ಮಗಳ ಲಗ್ನ ಮುರಿದಿತ್ತು, ಹುಡುಗಿಯ ಅಪ್ಪನ ಕಣ್ಣು ಹೋದವೆಂದು ತಿಳಿದು ಬೀಗರು ವೀಳ್ಯ ತಿರುಗಿ ಕಳಿಸಿದ್ದರು. “ಕುರುಡರ ವಂಶದ ಹೆಣ್ಣ ಯಾರ ತರ್ತಾರ್ರೀ?” ಆ ಮಾತು ಮುಗಿದ ಮೇಲೆಯೇ ಅಣ್ಣ ಮಗ್ಗ ಇಟ್ಟದ್ದು. ಒಂದಕ್ಕೊಂದು ಯಾವುದೂ ತಾಳೆಯಾಗಲಿಲ್ಲ.

ಮಲಕಾಜಪ್ಪ ತನ್ನ ಮನೆಗೆ ಹೋಗದೆ ಅಣ್ಣನ ಮನೆಗೇ ಹೋದ. ಪಾಲಾದ ಮೇಲೆ ತುಳಿಯದ ಹೊಸ್ತಿಲು. ಪಡಸಾಲೆಯಲ್ಲಿ ಅತ್ತಿಗೆ ಅನಸವ್ವ ಬಾಗಿಲ ಬೆಳಕಿಗೆ ಕೂತು ಗಂಡ ನೇಯ್ದ ಸೀರೆಯ ದಡಿ ಬಿಚ್ಚುತ್ತಿದ್ದಳು. ಕೆಂಪು ದಡಿಯ ನಡುವೆ ಗೇಣುದ್ದ ಹಸಿರು ನೂಲು ತಪ್ಪಿ ನುಗ್ಗಿತ್ತು. ಮೈದುನನನ್ನು ಕಂಡದ್ದೇ ಅದನ್ನು ಮಡಚಿ ತೊಡೆಯ ಕೆಳಗೆ ತುರುಕಿದಳು. ಮುರಗೆಪ್ಪ ಮಗ್ಗದ ಕುಣಿಯೊಳಗೆ ಇಳಿದು, ಬೆರಳಿನಿಂದ ತಡಕಿ ತಡಕಿ ಹಗ್ಗದ ಗಂಟು ಬಿಚ್ಚುತ್ತಿದ್ದ.

“ಅಣ್ಣಾ, ಆಟ ಆಟಕ್ಕ ಆತು. ಮಗ್ಗ ಇಲ್ಲೇ ಇರ್ಲಿ ಬಿಡು.”

ಮುರಗೆಪ್ಪ ತಲೆ ಎತ್ತಲಿಲ್ಲ. “ಗೆದ್ದೀ. ಒಯ್ಯಿ.”

“ನಾಳೆ ನೋಡೂಣು.”

“ನಾಳೆ ಅಲ್ಲ, ಇವತ್ತ. ಹಾಡೇ ಹಗಲಾಗ, ಮಂದಿ ನೋಡೂಹಂಗ ಒಯ್ಯಬೇಕು.”

“ನಿನಗೇನ ತಲಿ ಕೆಟ್ಟೈತೇನು? ಬರೂ ತಿಂಗಳ ಭಾಗವ್ವನ ಲಗ್ನ ಐತಿ. ಹುಡುಗಿ ಅಪ್ಪ ಜೂಜಿನಾಗ ಮಗ್ಗ ಕಳಕೊಂಡ ಅಂತ ಮಹಾಲಿಂಗಪುರದ ಬೀಗರ ಕಿವಿಗೆ ಬಿದ್ರ ಏನಂದಾರು?”

“ಏನಂತಾರ? ಜೂಜ ಆಡೂ ಮಾವ ಯಾ ಊರಾಗಿಲ್ಲ? ನಕ್ಕು ಸುಮ್ನಾಗ್ತಾರ. ಬೀಳ್ಲಿ, ಕಿವಿಗೆ ಬೀಳ್ಲಿ.”

ಮಲಕಾಜಪ್ಪನಿಗೆ ಸಿಟ್ಟು ಬಂತು. ಮೂರು ಎಕ್ಕಾ ಕಂಡೆನೆಂದು ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಒಗೆದ ಎಲೆ ತಿರುವಿದ ಕಳ್ಳ ತಾನೇ ಆಗುತ್ತಾನೆ. “ನಿನ್ನ ಎಲಿ ಏನಿದ್ದೂ, ಅದಾದ್ರೂ ಹೇಳು,” ಎಂದ.

ಮುರಗೆಪ್ಪನ ಬೆರಳುಗಳು ಗಂಟಿನ ಮೇಲೆ ನಿಂತವು. “ಏನರೆ ಇರ್ಲಿ,” ಎಂದ. ಮತ್ತೆ ಗಂಟಿಗೆ ಕೈ ಹಾಕುತ್ತ, “ಛಲೋ ಇದ್ದೂ ಏನು?” ಎಂದು ಕೇಳಿದ. ನಿಜವಾಗಿಯೂ ಗೊತ್ತಿಲ್ಲದವನ ಹಾಗೆ.

ತಾನು ಆಡಿದ ಎಲೆ ತನಗೇ ಗೊತ್ತಿಲ್ಲದ ಆಟಗಾರನನ್ನು ಮಲಕಾಜಪ್ಪ ಕಂಡಿರಲಿಲ್ಲ. ಅತ್ತಿಗೆಯ ಕಡೆ ನೋಡಿದ. ಅವಳ ಕಣ್ಣು ತುಂಬಿದ್ದವು.

“ಒಯ್ಯೋ ಮಲಕಾಜಿ,” ಎಂದಳು. “ಕೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ.”

ಎರಡು ಮನೆ ಒಂದಾಗಿದ್ದಾಗ ಅವಳು ಬಡಿಸಿದ ಅನ್ನ ಉಂಡವನು ಅವನು. ಮತ್ತೆ ಕೇಳಲಾಗಲಿಲ್ಲ. ಓಣಿಗೆ ಹೋಗಿ ಗಿರಮಲ್ಲಪ್ಪನನ್ನು ಕರೆತಂದ. ಗಿರಮಲ್ಲಪ್ಪನಿಗೆ ಬೇಕಾದದ್ದೂ ಅದೇ. ಬರುವಾಗ ಅರ್ಧ ಓಣಿಗೆ ಸುದ್ದಿ ಮುಟ್ಟಿಸಿಕೊಂಡೇ ಬಂದ.

ಮಗ್ಗದ ಮರಗಳನ್ನು ಒಂದೊಂದಾಗಿ ಹೊರಗೆ ತಂದು ಗೋಡೆಗೆ ಒರಗಿಸಿದರು. ಅಪ್ಪನ ಕೈ ತಾಗಿ ತಾಗಿ ನುಣುಪಾದ ಉದ್ದನೆಯ ಮರ ಕೊನೆಗೆ ಬಂತು. ಅದರ ಮುಂದಿನ ತುದಿಯನ್ನು ಮಲಕಾಜಪ್ಪ, ಹಿಂದಿನ ತುದಿಯನ್ನು ಗಿರಮಲ್ಲಪ್ಪ ಹೆಗಲಿಗೆ ಏರಿಸಿಕೊಂಡರು. ಕಟ್ಟೆಗಳ ಮೇಲೆ ಮಂದಿ ಸೇರಿದ್ದರು. ಛೀ, ಒಡಹುಟ್ಟಿದವನ ಅನ್ನಕ್ಕೇ ಕೈ ಹಾಕಿದನಲ್ಲ ಎಂದು ಯಾರೋ ಮುದುಕಿ ಅಂದದ್ದು ಕೇಳಿಸಿತು. ಮಲಕಾಜಪ್ಪ ನಾಚಿಕೆಯಿಂದ ನೆಲ ನೋಡುತ್ತ ನಡೆದ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಅಣ್ಣನ ಗುಡುಗು ಕೇಳಿಸಿತು.

“ಲೇ ಮಲಕಾಜಿ! ಅಪ್ಪನ ಮಗ್ಗ ನುಂಗಿದ್ಯಲ್ಲೋ! ನಿನಗ ಛಲೋ ಆಗೂದಿಲ್ಲೋ!”

ಮಲಕಾಜಪ್ಪ ತಿರುಗಿ ನೋಡಿದ. ಅಣ್ಣ ಕಟ್ಟೆಯ ಕೆಳಗೆ ಇಳಿದು, ತೋರುಬೆರಳು ಚಾಚಿ, ಕುತ್ತಿಗೆಯ ನರ ಉಬ್ಬಿಸಿ ಬೈಯುತ್ತಿದ್ದ. ಬೆರಳು ಇದ್ದದ್ದು ಹೊರಳಿ ನಿಂತ ಗಿರಮಲ್ಲಪ್ಪನ ಎದೆಯ ನೇರಕ್ಕೆ. ಕಣ್ಣೂ ಅವನ ಮುಖದ ಮೇಲೆಯೇ ನೆಟ್ಟಿತ್ತು. ಒಂದೇ ತಾಯಿಯ ಹಾಲು ಕುಡಿದ ಅಣ್ಣ, ಹಾಡೇ ಹಗಲಿನಲ್ಲಿ, ಇಷ್ಟು ಹತ್ತಿರದಿಂದ, ಗಿರಮಲ್ಲಪ್ಪನನ್ನು ಮಲಕಾಜಿ ಎಂದು ಕರೆದು ಶಾಪ ಹಾಕುತ್ತಿದ್ದ.

ಮೂಗಿನ ಹತ್ತಿರ ಹಿಡಿದ ಎಲೆ, ಕೆಂಪು ದಡಿಯೊಳಗಿನ ಹಸಿರು ನೂಲು, ಗಿರಮಲ್ಲಪ್ಪ ಹೇಳಿದ ಮುರಿದ ಲಗ್ನ, ಎಲ್ಲವೂ ಮಲಕಾಜಪ್ಪನಿಗೆ ಒಮ್ಮೆಗೇ ತಾಳೆಯಾದವು. ಬಾಗಿಲಲ್ಲಿ ಅನಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಭಾಗವ್ವ, ಕೈಯಲ್ಲಿ ಹೊಸ ಹಸಿರು ಬಳೆ.

ಗಿರಮಲ್ಲಪ್ಪ ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡಿದ. “ನನಗ್ಯಾಕ್ರೀ ಬೈ...” ಎಂದು ಬಾಯಿ ತೆರೆದ.

ಮಲಕಾಜಪ್ಪ ಮರದ ತುದಿಯನ್ನು ದಡಕ್ಕನೆ ನೆಲಕ್ಕೆ ಹಾಕಿ ಹಿಂದಕ್ಕೆ ಓಡಿದ. ಗಿರಮಲ್ಲಪ್ಪನನ್ನು ಹೆಗಲಿನಿಂದ ನೂಕಿ ಆ ಜಾಗದಲ್ಲಿ ತಾನು ನಿಂತ.

“ಹೌದೋ, ಗೆದ್ದೇನಿ! ಒಯ್ತೇನಿ! ಏನ್ ಮಾಡ್ಕೋತಿ?” ಎಂದು ಓಣಿಯೆಲ್ಲ ಕೇಳುವಂತೆ ಕೂಗಿದ.

ಮುರಗೆಪ್ಪ ದನಿ ಬಂದ ಕಡೆ ಮುಖ ಸರಿಪಡಿಸಿಕೊಂಡು ಮತ್ತೆ ಬೈಯತೊಡಗಿದ. ಕಟ್ಟೆಯ ಮಂದಿಯೂ ಛೀ, ಥೂ ಎಂದು ಸೇರಿಕೊಂಡರು. ಮಲಕಾಜಪ್ಪ ಅಲ್ಲಾಡದೆ, ಆ ಬೆರಳಿನ ನೇರಕ್ಕೆ ಎದೆ ಕೊಟ್ಟು, ಅಣ್ಣನ ಬೈಗುಳ ಮುಗಿಯುವತನಕ ನಿಂತಿದ್ದ.