ಬ್ಯಾರಲ್ ಬದಲಾಯಿಸುವ ಒಂಬತ್ತು ಸೆಕೆಂಡು

ಬೆಂಗಳೂರಿನ ಕಂಪನಿಯ ಧರ್ಮೇಶ್ ಕಾರಿನ ಡಿಕ್ಕಿ ತೆರೆದು, ಎರಡೂ ಕೈಯಲ್ಲಿ ಮರದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ವರ್ಕ್‌ಶಾಪಿನೊಳಗೆ ಬಂದಾಗಲೇ ಭೂಮಿಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಹದಿನೈದು ದಿನದ ಹಿಂದೆ ಆ ಪೆಟ್ಟಿಗೆಗೆ ಮೊಳೆ ಹೊಡೆದು ಕಳಿಸಿದವಳು ಅವಳೇ. ಒಳಗೆ ಇಪ್ಪತ್ತನಾಲ್ಕು ಕಾಲರ್‌ಗಳಿದ್ದವು. ಒಂದೊಂದನ್ನೂ ಅವಳು ಮೂರು ಮೂರು ಸಲ ಅಳೆದಿದ್ದಳು.

ಕಾಲರ್ ಅಂದರೆ ಅಂಗೈಯಗಲದ ಉಕ್ಕಿನ ಬಳೆ. ಆ ಕಂಪನಿಯಲ್ಲಿ ಸೇನೆಗಾಗಿ ತಯಾರಾಗುತ್ತಿದ್ದ ಹೊಸ ಹೆವಿ ಮಷಿನ್ ಗನ್ನಿನ ಮುಂಭಾಗದಲ್ಲಿ ಅದು ಕೂರುತ್ತದೆ. ಉದ್ದನೆಯ ಬ್ಯಾರಲ್ಲನ್ನು ಅದರೊಳಗೆ ತೂರಿಸಿ ಸಣ್ಣದೊಂದು ತಿರುವು ಕೊಟ್ಟರೆ ಭದ್ರವಾಗಿ ಕಚ್ಚಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ನೂರಾರು ಗುಂಡು ಹಾರಿದ ಮೇಲೆ ಬ್ಯಾರಲ್ ಬದಲಾಯಿಸಲೇಬೇಕು. ಹಳೆಯ ಗನ್ನಿನಲ್ಲಿ ಅದೇ ದೊಡ್ಡ ತಾಪತ್ರಯವಾಗಿತ್ತು. ಪ್ರತಿ ಸಲ ಬದಲಾಯಿಸಿದಾಗಲೂ ಬ್ಯಾರಲ್ಲಿಗೂ ಅದರ ಹಿಂದೆ ತೋಟಾವನ್ನು ಒತ್ತಿಹಿಡಿಯುವ ಬೋಲ್ಟಿಗೂ ನಡುವಿನ ಸಂದನ್ನು ತೆಳ್ಳನೆಯ ಗೇಜು ಹಾಕಿ ಅಳೆದು ಸರಿಮಾಡಬೇಕು. ಸಂದು ಹೆಚ್ಚಾದರೆ ತೋಟಾ ಒಳಗೇ ಸಿಡಿಯುತ್ತದೆ, ಕಡಿಮೆಯಾದರೆ ಗನ್ನು ಗುಂಡನ್ನೇ ಹಾರಿಸುವುದಿಲ್ಲ. ಹೊಸ ಗನ್ನಿನಲ್ಲಿ ಅಳೆಯುವ ಕೆಲಸವೇ ಇರಬಾರದು ಎಂದು ಸೇನೆ ಕೇಳಿತ್ತು. ಎರಡು ತಲೆಮಾರು ದುಡಿದ ಹಳೆಯ ಗನ್ನುಗಳನ್ನು ನಿವೃತ್ತಿ ಮಾಡಲು ಕಾಯುತ್ತಿದ್ದುದೇ ಅದಕ್ಕೆ.

ಧರ್ಮೇಶ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

"ಕೋಲ್ಡ್ ಚೇಂಬರಿನಲ್ಲಿ ಮೈನಸ್ ಮೂವತ್ತರಲ್ಲಿ ಹೊಡೆದು ನೋಡಿದ್ವಿ. ಒಂಬತ್ತು ಸಲ ಬ್ಯಾರಲ್ ಬದಲಾಯಿಸೋಕೆ ಹೋದರೆ ಐದು ಸಲ ಸಿಕ್ಕಿಹಾಕಿಕೊಂಡಿದೆ. ಸುತ್ತಿಗೇಲಿ ಹೊಡೆದು ಬಿಡಿಸಬೇಕಾಯ್ತು. ನಿಮ್ಮ ಅಳತೆ ಎಲ್ಲೋ ತಪ್ಪಿದೆ."

"ಅಳತೆ ತಪ್ಪಿಲ್ಲ ಸರ್," ಎಂದಳು ಭೂಮಿಕಾ. "ಈಗ್ಲೇ ನಿಮ್ಮ ಕಣ್ಮುಂದೆ ಅಳೀತೀನಿ."

ಇಪ್ಪತ್ತನಾಲ್ಕನ್ನೂ ಅಳೆದಳು. ಎಲ್ಲವೂ ಕಂಪನಿ ಕೊಟ್ಟ ಡ್ರಾಯಿಂಗಿನಲ್ಲಿ ಇದ್ದ ಹಾಗೆಯೇ ಇದ್ದವು. ಧರ್ಮೇಶ್ ಕನ್ನಡಕ ತೆಗೆದು ಒರೆಸಿಕೊಂಡ.

"ಅಳತೆ ಸರಿ ಇದ್ದರೆ ಬ್ಯಾರಲ್ ಯಾಕೆ ಸಿಕ್ಕಿಬೀಳುತ್ತೆ ಮೇಡಂ? ಜನವರಿಯಲ್ಲಿ ಲಡಾಖಿನಲ್ಲಿ ಸೇನೆಯ ಟ್ರಯಲ್ ಇದೆ. ಅಷ್ಟರೊಳಗೆ ಉತ್ತರ ಸಿಗದಿದ್ದರೆ ಈ ಕೆಲಸ ಬೇರೆ ಕಡೆ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ."

ವರ್ಕ್‌ಶಾಪಿನ ಯಜಮಾನ ರವಿಕುಮಾರ ಕಾಲರ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ. ತೆಂಗಿನಕಾಯಿ ಸುಲಿಯುವ ಯಂತ್ರಗಳಿಗೂ ಬೋರ್‌ವೆಲ್ ಪಂಪುಗಳಿಗೂ ಬಿಡಿಭಾಗ ಮಾಡುತ್ತಿದ್ದ ಕಡೂರಿನ ಆ ಶೆಡ್ಡಿಗೆ ಉಕ್ಕನ್ನು ತಾನೇ ಕೊರೆದು ಕಡೆಯುವ ವಿಎಂಸಿ ಎಂಬ ಕಂಪ್ಯೂಟರ್ ಮಷಿನ್ನನ್ನು ತಂದು ಕೂರಿಸಿದ್ದೇ ಇಂಥ ಕೆಲಸ ಸಿಗಲಿ ಎಂದು. ಆ ಮಷಿನ್ನಿನ ಮುಂದೆ ಆರು ವರ್ಷದಿಂದ ನಿಂತವಳು ಭೂಮಿಕಾ. ಡಿಪ್ಲೊಮಾ ಓದಿದ ಹುಡುಗಿ ಲೇತ್ ಹಿಡಿಯುತ್ತಾಳಾ ಎಂದು ನಕ್ಕವರೆಲ್ಲ ಈಗ ಅಳತೆಯಲ್ಲಿ ಅನುಮಾನ ಬಂದರೆ ಅವಳನ್ನೇ ಕೂಗುತ್ತಿದ್ದರು.

ಸಂಜೆ ಸ್ಕೂಟರ್ ಹತ್ತಿ ಬೀರೂರು, ಅಜ್ಜಂಪುರ ದಾಟಿ ಬುಕ್ಕಾಂಬುಧಿಗೆ ಬಂದಾಗ ಅವಳ ಅಪ್ಪ ಮನೆ ಮುಂದೆ ಸ್ಕೂಲ್ ವ್ಯಾನು ತೊಳೆಯುತ್ತಿದ್ದ. ಹವಾಲ್ದಾರ್ ಲಕ್ಷ್ಮಣಪ್ಪ ಪಲ್ಟನ್ ಬಿಟ್ಟು ಒಂಬತ್ತು ವರ್ಷವಾಗಿತ್ತು. ಹದಿನೆಂಟು ವರ್ಷ ಅವನು ಹಳೆಯ ಹೆವಿ ಮಷಿನ್ ಗನ್ನಿನ ಹಿಂದೆ ಕೂತವನು. ಬಲಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಒಂದು ಚಳಿಗಾಲ ಗಡಿಯ ಬೆಟ್ಟದ ಮೇಲೆ, ಕೈಗವಸು ಕಳಚಿ ಗೇಜು ಹಾಕುತ್ತಿದ್ದಾಗ ಹಿಮ ಕಚ್ಚಿ ಹೋದವು. ಆದರೂ ಹಳೆಯ ಗನ್ನಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮಗಳು ಅದನ್ನು ಮನೆಗೆ ಕಳಿಸುವ ಹೊಸ ಗನ್ನಿಗೇ ಬಿಡಿಭಾಗ ಮಾಡುತ್ತಾಳೆಂದು ತಿಳಿದಾಗ ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಏನವ್ವ, ಮುಖ ಹಿಂಗಾಗೈತೆ?"

ಭೂಮಿಕಾ ನಡೆದದ್ದನ್ನು ಹೇಳಿದಳು. "ಚಳಿಗೆ ಕಬ್ಬಿಣ ಕುಗ್ಗುತ್ತೆ ಸರಿ ಅಪ್ಪ. ಆದ್ರೆ ಬ್ಯಾರಲ್ಲೂ ಕುಗ್ಗುತ್ತೆ, ಕಾಲರ್ರೂ ಕುಗ್ಗುತ್ತೆ. ಎರಡೂ ಒಂದೇ ಸಮ ತಣ್ಣಗಾದ್ರೆ ಯಾಕೆ ಸಿಕ್ಕಾಕ್ಕೊಬೇಕು?"

ಲಕ್ಷ್ಮಣಪ್ಪ ನೀರಿನ ಪೈಪು ಕೆಳಗೆ ಹಾಕಿ ಜೋರಾಗಿ ನಕ್ಕ.

"ತಣ್ಣಗಾ? ತಣ್ಣಗಿರೋ ಬ್ಯಾರಲ್ನ ಯಾರವ್ವ ಬದ್ಲಾಯಿಸ್ತಾರೆ? ಚಳಿ ಇರೋದು ನಮ್ಗೆ, ಗನ್ನಿನ ಮೈಗೆ. ಮೈಮೇಲೆ ಮಂಜು ಗಟ್ಟಿರ್ತದೆ, ಬರಿಗೈಲಿ ಮುಟ್ಟಿದ್ರೆ ಚರ್ಮ ಅಂಟ್ಕತದೆ. ಬ್ಯಾರಲ್ ಮಾತ್ರ ಒಲೆಯಿಂದ ಈಗ ತೆಗ್ದಂಗೆ. ಇನ್ನೂರು ಗುಂಡು ಹೊಡ್ದು ನೋಡು, ಮೇಲೆ ಬಿದ್ದ ಹಿಮ ಚುರ್ ಅಂತದೆ. ಒಂದೇ ಗನ್ನು ಕಣವ್ವ, ಅರ್ಧ ಬೆಂಕಿ, ಅರ್ಧ ಮಂಜು."

ಭೂಮಿಕಾ ಬ್ಯಾಗಿನಿಂದ ಫೋನ್ ಎಳೆದು ಧರ್ಮೇಶನಿಗೆ ಹಚ್ಚಿದಳು.

"ಸರ್, ಸಿಕ್ಕಿಬಿದ್ದ ಐದು ಸಲ, ಅದಕ್ಕೆ ಮುಂಚೆ ಎಷ್ಟೆಷ್ಟು ಗುಂಡು ಹೊಡೆದಿದ್ರಿ?"

ಧರ್ಮೇಶ್ ಕಾಗದ ಹುಡುಕಿ ಓದಿ ಹೇಳಿದ. ಆ ಐದೂ ಸಲ ಇನ್ನೂರರ ಮೇಲೆ. ಸಲೀಸಾಗಿ ಬಿಟ್ಟುಕೊಂಡ ನಾಲ್ಕು ಸಲ ಮೂವತ್ತು, ನಲವತ್ತು. ಬೇಸಿಗೆಯಲ್ಲಿ ಮರುಭೂಮಿಯಲ್ಲಿ ಇದೇ ಅಳತೆಯ ಹಿಂದಿನ ಕಾಲರ್‌ಗಳನ್ನು ಹಾಕಿ ಹೊಡೆದಾಗ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅಲ್ಲಿ ಗನ್ನಿನ ಮೈಯೂ ಕಾದಿತ್ತಲ್ಲ.

"ಕಾದ ಬ್ಯಾರಲ್ ಹಿಗ್ಗುತ್ತೆ, ತಣ್ಣಗಿನ ಕಾಲರ್ ಕುಗ್ಗಿರುತ್ತೆ. ನಡುವಿನ ಜಾಗ ಮುಚ್ಚಿಹೋಗುತ್ತೆ. ತಪ್ಪಿರೋದು ನಮ್ಮ ಅಳತೇಲಿ ಅಲ್ಲ ಸರ್, ಡ್ರಾಯಿಂಗಲ್ಲಿ."

ಧರ್ಮೇಶ್ ಕಾಗದ ಮಗುಚಿದ ಸದ್ದಾಯಿತು. "ಬಾಯಲ್ಲಿ ಹೇಳಿದರೆ ಡಿಸೈನಿನವರು ಒಪ್ಪಲ್ಲ ಮೇಡಂ. ತೋರಿಸಿ."

ತೋರಿಸಲು ಚಳಿ ಎಲ್ಲಿಂದ ತರುವುದು? ಕಂಪನಿಯ ಚೇಂಬರ್ ಇನ್ನೊಂದು ತಿಂಗಳು ಖಾಲಿಯಿರಲಿಲ್ಲ. ದಾರಿ ಹೊಳೆದದ್ದು ರವಿಕುಮಾರನಿಗೆ. ತರೀಕೆರೆಯಲ್ಲಿ ನಿಶ್ಚಿತಾ ಎಂಬಾಕೆಯ ಐಸ್‌ಕ್ರೀಂ ಫ್ಯಾಕ್ಟರಿ ಇತ್ತು, ಅದರ ಮೋಟಾರು ಕೆಟ್ಟಾಗಲೆಲ್ಲ ರಿಪೇರಿ ಮಾಡುತ್ತಿದ್ದುದು ಅವನೇ. ಅವಳ ಕೋಲ್ಡ್ ರೂಮು ಮೈನಸ್ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು. ಅಷ್ಟಾದರೆ ಸಾಕು.

ಭಾನುವಾರ ಬೆಳಿಗ್ಗೆ ಭೂಮಿಕಾ, ರವಿಕುಮಾರ, ಲಕ್ಷ್ಮಣಪ್ಪ ಮೂವರೂ ತರೀಕೆರೆಗೆ ಹೋದರು. ನಿಜವಾದ ಬ್ಯಾರಲ್ ಅವರ ಬಳಿ ಇರಲಿಲ್ಲ, ಇರುವಂತೆಯೂ ಇಲ್ಲ. ಅಳತೆ ನೋಡಲೆಂದು ಕಂಪನಿ ಕೊಟ್ಟ, ಬ್ಯಾರಲ್ಲಿನಷ್ಟೇ ದಪ್ಪದ, ಮೊಳದುದ್ದದ ಡಮ್ಮಿ ತುಂಡಿತ್ತು. ಕಾಲರನ್ನು ಹಿಂದಿನ ದಿನವೇ ಕೋಲ್ಡ್ ರೂಮಿನಲ್ಲಿ ಸ್ಟ್ಯಾಂಡಿಗೆ ಬಿಗಿದಿಟ್ಟಿದ್ದರು. ಧರ್ಮೇಶ್ ಬೆಂಗಳೂರಿನಿಂದ ನಸುಕಿಗೇ ಹೊರಟು ಬಂದಿದ್ದ. ನಿಶ್ಚಿತಾ ಅವರಿಗೆಲ್ಲ ತನ್ನ ಕೆಲಸಗಾರರ ದಪ್ಪ ಕೋಟು ಕೊಟ್ಟಳು. ಲಕ್ಷ್ಮಣಪ್ಪ ಮಾತ್ರ ಟ್ರಂಕಿನ ತಳದಿಂದ ತೆಗೆದ ತನ್ನ ಪಲ್ಟನ್ನಿನ ಕೋಟು, ಕೈಗವಸು ಹಾಕಿಕೊಂಡು ಬಂದಿದ್ದ.

"ಮಾವಿನಹಣ್ಣಿನ ಐಸ್‌ಕ್ರೀಂ ಡಬ್ಬದ ಮಧ್ಯ ನಿಂತ್ಕಂಡು ಇದೇನ್ ಯುದ್ಧ ಕಣ್ರೀ!" ಎಂದು ನಿಶ್ಚಿತಾ ಬಾಗಿಲಲ್ಲೇ ನಿಂತು ನಕ್ಕಳು.

ಮೊದಲು ಡಮ್ಮಿಯನ್ನೂ ತಣ್ಣಗೆ ಮಾಡಿ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು. ಆಮೇಲೆ ಭೂಮಿಕಾ ಅದನ್ನು ಹೊರಗೆ ತಂದು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಒಳಗೆ ಓಡಿದಳು. ಕಾಲರಿನೊಳಗೆ ಅರ್ಧ ತಿರುಗುವುದರೊಳಗೆ ಅದು ಕಚ್ಚಿಕೊಂಡಿತು. ಲಕ್ಷ್ಮಣಪ್ಪ ಹಲ್ಲು ಕಚ್ಚಿ ಎಳೆದ. ರವಿಕುಮಾರನೂ ಸೇರಿ ಎಳೆದ. ಅಲುಗಲಿಲ್ಲ.

"ಸಿಕ್ಕಾಕ್ಕಂತು! ಅಪ್ಪಾ, ಸಿಕ್ಕಾಕ್ಕಂತು!" ಎಂದು ಭೂಮಿಕಾ ಕುಣಿದೇಬಿಟ್ಟಳು. ಕೆಲಸ ಕೆಟ್ಟದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಿಶ್ಚಿತಾ ಅವತ್ತೇ ಮೊದಲು ನೋಡಿದ್ದು.

ಧರ್ಮೇಶ್ ತಾನೇ ಒಮ್ಮೆ ಎಳೆದು ನೋಡಿ ಕೈಬಿಟ್ಟ. "ಒಪ್ಪಿದೆ. ಆದರೆ ಪರಿಹಾರ? ಜಾಗ ಜಾಸ್ತಿ ಬಿಟ್ಟರೆ ಬ್ಯಾರಲ್ ಅಲ್ಲಾಡುತ್ತೆ, ಗುರಿ ತಪ್ಪುತ್ತೆ. ಬಿಡದಿದ್ದರೆ ಕಚ್ಚಿಕೊಳ್ಳುತ್ತೆ."

ಅದೇ ಪ್ರಶ್ನೆ ಭೂಮಿಕಾಳನ್ನೂ ಮೂರು ದಿನ ತಿಂದಿತು. ನಾಲ್ಕನೆಯ ದಿನ ವಿಎಂಸಿಯ ಮುಂದೆ ಪಂಪಿನ ಕೆಲಸ ನಡೆಸುತ್ತ ನಿಂತಿದ್ದಳು. ಮಷಿನ್ನು ಒಂದು ಟೂಲ್ ಬಿಟ್ಟು ಇನ್ನೊಂದನ್ನು ತಾನೇ ಎತ್ತಿ ಹಾಕಿಕೊಂಡಿತು. ದಿನಕ್ಕೆ ನೂರಾರು ಸಲ ನೋಡುವ ನೋಟ. ಆ ಟೂಲಿನ ಬುಡ ಬುಗುರಿಯಂತೆ ಇಳಿಜಾರು. ಸಡಿಲವಾಗಿ ಒಳಗೆ ಹೋಗುತ್ತದೆ, ಕೊನೆಯಲ್ಲಿ ಕೂದಲೆಳೆ ತಪ್ಪದೆ ನಡುಮಧ್ಯ ಕೂರುತ್ತದೆ, ಕಾದಿದ್ದರೂ ತಣ್ಣಗಿದ್ದರೂ ಎಳೆದ ಕೂಡಲೇ ಬಿಟ್ಟುಕೊಳ್ಳುತ್ತದೆ.

"ರವಿಯಣ್ಣಾ!" ಎಂದು ಅವಳು ಕೂಗಿದ ಕೂಗಿಗೆ ರವಿಕುಮಾರ ಏನೋ ಅನಾಹುತವಾಯಿತೆಂದು ಮೇನ್ ಸ್ವಿಚ್ಚಿನ ಕಡೆ ಓಡಿದ.

ಅವಳು ಸೀಮೆಸುಣ್ಣದಿಂದ ನೆಲದ ಮೇಲೇ ಬರೆದು ತೋರಿಸಿದಳು. ಬ್ಯಾರಲ್ಲಿನ ಸುತ್ತ ಜಾಗ ಧಾರಾಳವಾಗಿರಲಿ. ಅದನ್ನು ನಡುವಿಗೆ ಹಿಡಿಯುವ ಕೆಲಸ ಕಾಲರಿನ ಬಾಯಿಯ ಇಳಿಜಾರಿಗೆ ಬಿಡೋಣ. ಸೈನಿಕನ ಜೀವ ಕಾಯುವ, ಬ್ಯಾರಲ್ಲಿಗೂ ಬೋಲ್ಟಿಗೂ ನಡುವಿನ ಸಂದನ್ನು ಮುಟ್ಟುವುದೇ ಬೇಡ. ಡಿಸೈನಿನವರು ಫೋನಿನಲ್ಲಿ ಎರಡು ಗಂಟೆ ಅವಳನ್ನು ಅಡ್ಡಡ್ಡ ಪ್ರಶ್ನೆ ಕೇಳಿದರು. ಕಾಲರ್ ಸವೆದರೆ? ಮರಳು ಹೊಕ್ಕರೆ? ಅವಳು ಒಂದೊಂದಕ್ಕೂ ಲೆಕ್ಕ ಹಾಕಿ ಉತ್ತರ ಕೊಟ್ಟಳು. ಕೊನೆಗೆ ಧರ್ಮೇಶನೇ ಅವಳ ಪರ ನಿಂತ. "ಅವರು ಹೇಳೋ ಹಾಗೆ ಆರು ಪೀಸ್ ಮಾಡಿಸೋಣ. ಹೊಣೆ ನನ್ನದು."

ಆರು ದಿನಕ್ಕೆ ಆರು ಕಾಲರ್ ಸಿದ್ಧವಾದವು. ಮತ್ತೆ ತರೀಕೆರೆ, ಮತ್ತೆ ಐಸ್‌ಕ್ರೀಂ ಡಬ್ಬಗಳ ನಡುವೆ. ಲಕ್ಷ್ಮಣಪ್ಪ ಕಾದ ಡಮ್ಮಿಯನ್ನು ಕೈಗವಸಿನಲ್ಲೇ ತೂರಿಸಿ, ತಿರುಗಿಸಿ, ಬಿಡಿಸಿ, ಮತ್ತೆ ತೂರಿಸಿದ. ನಲವತ್ತು ಸಲ. ಒಮ್ಮೆಯೂ ಕಚ್ಚಲಿಲ್ಲ. ನಲವತ್ತನೆಯದು ಮುಗಿದ ಮೇಲೆ ಅವನು ಕಾಲರಿನ ಮೇಲೆ ಅಂಗೈಯಿಟ್ಟ.

"ಹಳೇದು ಒಳ್ಳೇ ಗನ್ನು ಕಣವ್ವ. ಒಂದ್ಸಲನೂ ನನ್ನ ಕೈಬಿಡ್ಲಿಲ್ಲ," ಎಂದ. ಕಾಲರಿನ ಮಂಜು ಒರೆಸುತ್ತ, "ಆದ್ರೂ ಇದು ಬರ್ಲಿ. ಬೇಗ ಬರ್ಲಿ," ಎಂದ.

ಜನವರಿಯಲ್ಲಿ ಕಂಪನಿಯವರು ಭೂಮಿಕಾಳನ್ನೂ ಲಡಾಖಿಗೆ ಕರೆದುಕೊಂಡು ಹೋದರು. ಅವಳು ಅಷ್ಟು ಬರಡಾದ, ಅಷ್ಟು ಬೆಳ್ಳಗಿನ ಊರು ಕಂಡವಳಲ್ಲ. ಎರಡು ದಿನ ಉಸಿರು ಸುಧಾರಿಸಿಕೊಳ್ಳುವುದಕ್ಕೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೈರಿಂಗ್ ರೇಂಜಿನಲ್ಲಿ ಹಳೆಯ ಗನ್ನನ್ನೂ ಹೊಸ ಗನ್ನನ್ನೂ ಅಕ್ಕಪಕ್ಕ ಇಟ್ಟಿದ್ದರು. ಥರ್ಮಾಮೀಟರಿನಲ್ಲಿ ಮೈನಸ್ ಇಪ್ಪತ್ತೆಂಟು. ಎರಡರ ಹಿಂದೆಯೂ ಅನುಭವಿ ಸೈನಿಕರೇ ಕೂತಿದ್ದರು. ಸ್ಟಾಪ್‌ವಾಚ್ ಹಿಡಿದು ಕರ್ನಲ್ ಒಬ್ಬರು ನಿಂತಿದ್ದರು.

ಎರಡೂ ಗುಡುಗತೊಡಗಿದಾಗ ಬೆಟ್ಟವೇ ಕೆಮ್ಮಿದಂತಾಯಿತು. ಭೂಮಿಕಾಳ ಕಾಲ ಕೆಳಗಿನ ನೆಲ ನಡುಗಿತು. ಇನ್ನೂರು ಗುಂಡು ಮುಗಿದವು. "ಬ್ಯಾರಲ್!" ಎಂದು ಕರ್ನಲ್ ಕೂಗಿದರು.

ಹಳೆಯ ಗನ್ನಿನ ಸೈನಿಕ ಕೈಗವಸು ಕಳಚಿ ಬಾಯಲ್ಲಿ ಕಚ್ಚಿಕೊಂಡು ಗೇಜಿಗೆ ಕೈ ಹಾಕಿದ. ಭೂಮಿಕಾ ಆ ಕಡೆ ನೋಡಲಾರದೆ ಹೊಸ ಗನ್ನಿನತ್ತ ತಿರುಗಿದಳು. ಅಲ್ಲಿ ಒಬ್ಬ ದಪ್ಪ ಕೈಗವಸಿನಲ್ಲೇ ಬ್ಯಾರಲ್ಲಿನ ಹಿಡಿ ಹಿಡಿದ, ತಿರುಗಿಸಿದ, ಎಳೆದ. ಬಂತು. ಹೊಗೆಯಾಡುತ್ತಿದ್ದ ಬ್ಯಾರಲ್ ಹಿಮದ ಮೇಲೆ ಬಿದ್ದು ಚುರ್ ಎಂದಿತು. ಹೊಸದು ಒಳಗೆ ಹೋಯಿತು, ಕಟಕ್ ಎಂದಿತು. ಗನ್ನು ಮತ್ತೆ ಗುಡುಗಿತು.

"ನೈನ್ ಸೆಕೆಂಡ್ಸ್," ಎಂದರು ಕರ್ನಲ್. ಪಕ್ಕದವರಿಗೆ ವಾಚ್ ತೋರಿಸಿದರು. ಹಳೆಯ ಗನ್ನಿನವನು ಇನ್ನೂ ಗೇಜಿನಲ್ಲೇ ಇದ್ದ.

ಆ ದಿನ ಮೂವತ್ತು ಸಲ ಬದಲಾಯಿಸಿದರು. ಮಾರನೆಯ ದಿನ ಇನ್ನೂ ಮೂವತ್ತು. ಒಂದೂ ಸಿಕ್ಕಿಬೀಳಲಿಲ್ಲ, ಒಂದು ಗುಂಡೂ ಗುರಿಯ ಚೌಕಟ್ಟು ಬಿಟ್ಟು ಹೋಗಲಿಲ್ಲ. ಕೊನೆಗೆ ಹೊಸ ಗನ್ನಿನ ಸೈನಿಕರು ತಾವಾಗಿಯೇ ಎದ್ದು ಜೈಕಾರ ಹಾಕಿದರು. ಕರ್ನಲ್ ನಡೆದು ಬಂದು ಇಂಗ್ಲಿಷಿನಲ್ಲಿ ಕೇಳಿದರು, ಈ ಕಾಲರ್ ಮಾಡಿದವರು ಯಾರು ಎಂದು. ಧರ್ಮೇಶ್ ಪಕ್ಕಕ್ಕೆ ಸರಿದು ಭೂಮಿಕಾಳನ್ನು ಮುಂದೆ ಬಿಟ್ಟ. ಸ್ವೆಟರ್, ಕೋಟು, ಮಫ್ಲರುಗಳ ಒಳಗೆ ಮುಳುಗಿದ್ದ ಹುಡುಗಿಯನ್ನು ನೋಡಿ ಕರ್ನಲ್ ಸೆಲ್ಯೂಟ್ ಹೊಡೆದರು. ಅವಳಿಗೆ ಏನು ಮಾಡಬೇಕೋ ತಿಳಿಯದೆ ಕೈಮುಗಿದಳು.

ಸಿಗ್ನಲ್ ಸಿಕ್ಕ ಕೂಡಲೇ ಅಪ್ಪನಿಗೆ ಫೋನ್ ಮಾಡಿದಳು. ಅವನು ಅಜ್ಜಂಪುರದ ರಸ್ತೆಯಲ್ಲಿ ವ್ಯಾನು ನಿಲ್ಲಿಸಿ ಎತ್ತಿಕೊಂಡ.

"ಅರವತ್ತಕ್ಕೆ ಅರವತ್ತು ಅಪ್ಪಾ! ಒಂಬತ್ತೇ ಸೆಕೆಂಡು! ಕೈಗವಸು ತೆಗೀಲೇ ಇಲ್ಲ!"

ಹದಿನೆಂಟು ವರ್ಷ ಕಮಾಂಡ್ ಕೊಟ್ಟ ಆ ಗಂಟಲು ಒಮ್ಮೆಲೇ ತೆರೆದುಕೊಂಡಿತು. "ನನ್ ಮಗಳು ಗೆದ್ದಳು ಕಣ್ರೋ!" ಏನು ಗೆದ್ದಳೋ ತಿಳಿಯದೆಯೇ ವ್ಯಾನಿನ ತುಂಬ ಇದ್ದ ಮಕ್ಕಳು ಹೋ ಎಂದು ಕೂಗಿದ್ದು ಲಡಾಖಿನ ತನಕ ಕೇಳಿತು.

ಏಪ್ರಿಲ್‌ನಲ್ಲಿ ಸೇನೆ ಆ ಗನ್ನನ್ನೇ ಆರಿಸಿತು. ಧರ್ಮೇಶ್ ಮತ್ತೆ ಕಡೂರಿಗೆ ಬಂದ, ಈ ಸಲ ಕೈಯಲ್ಲಿ ಒಂದು ಉದ್ದನೆಯ ಕೊಳವೆ ಇತ್ತು. ಒಳಗಿನಿಂದ ಕಾಲರಿನ ಅಂತಿಮ ಡ್ರಾಯಿಂಗ್ ತೆಗೆದು ಮೇಜಿನ ಮೇಲೆ ಹರಡಿದ. ಕೆಳಗಿನ ಮೂಲೆಯ ಚೌಕದಲ್ಲಿ, ವಿನ್ಯಾಸ ಮಾಡಿದವರು ಎಂಬಲ್ಲಿ, ಭೂಮಿಕಾ ಎಲ್., ಕಡೂರು ಎಂದು ಅಚ್ಚಾಗಿತ್ತು.

ಗೋಪ್ಯದ ಕಾಗದ. ಚೌಕಟ್ಟು ಹಾಕಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಮನೆಗೆ ಒಯ್ದು ತೋರಿಸುವಂತಿಲ್ಲ. ಭೂಮಿಕಾ ತನ್ನ ಹೆಸರನ್ನು ಎರಡು ಸಲ ಓದಿದಳು, ಕಾಗುಣಿತ ಸರಿಯಿದೆಯೇ ಎಂದು ಮೂರನೆಯ ಸಲ ನೋಡಿದಳು. ಕಾಗದವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಅಂಗಿಯ ತೋಳು ಮೇಲೆ ಮಡಚಿಕೊಂಡು ಮಷಿನ್ನಿನ ಕಡೆ ನಡೆದಳು.

"ರವಿಯಣ್ಣಾ, ಉಕ್ಕು ಇಳಿಸ್ಕೊಳ್ಳಿ. ಶುರು ಮಾಡಾಣ."