ಹೆಣದ ಮುಂದಿನ ಮಾತು

"ಇಂಥಾ ಅಳು ಬೇಡಿದ್ರ ಸಿಗತದೇನು?"

ದೌಲತರಾಯ ಕೇಳಿದ್ದು ಯಾರನ್ನೂ ಅಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ಗೋಡೆಗೆ ಕೇಳಿದ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಾರ್ನು ಒಳಗೆ ಬಾರದಿರಲೆಂದು ಅವನು ತನ್ನ ಕ್ಯಾಸೆಟ್ ಸ್ಟುಡಿಯೋದ ನಾಲ್ಕೂ ಗೋಡೆಗೆ ಹಳೆಯ ಕೌದಿ ಬಡಿದಿದ್ದ. ಯಾರ್ಯಾರೋ ಹೊದ್ದು ಬಿಟ್ಟವು. ಬಿಸಿಲೇರಿದರೆ ಅವುಗಳಿಂದ ಎಣ್ಣೆಯ, ಉಚ್ಚೆಯ, ಮಾಸಿದ ತಲೆಯ ವಾಸನೆ ಏಳುತ್ತಿತ್ತು. ಎರಡು ತಿಂಗಳಿಂದ ಆ ವಾಸನೆ ಕುಡಿದೇ ಸುಭದ್ರಾ ಕೆಲಸ ಕಲಿತಿದ್ದಳು. ಆದರೆ ಅವತ್ತು ಅವಳಿಗೆ ಓಕರಿಕೆ ತಂದದ್ದು ಕೌದಿಯಲ್ಲ, ತಾಳಕ್ಕೆ ತಕ್ಕಂತೆ ತೂಗುತ್ತಿದ್ದ ಅವನ ತಲೆ.

ಸುಭದ್ರಾ ಕಾಲೇಜಿನಲ್ಲಿ ರೇಡಿಯೋ, ಟೇಪು ರಿಪೇರಿಯ ಕೋರ್ಸು ಓದುವ ಹುಡುಗಿ. ಪರೀಕ್ಷೆಗೆ ಕೂರಬೇಕಾದರೆ ಎರಡು ತಿಂಗಳು ಎಲ್ಲಾದರೂ ಕೆಲಸ ಮಾಡಿ, ಕಲಿಸಿದವರ ಸಹಿ ತರಬೇಕು. ಎಂಬತ್ತೊಂಬತ್ತರ ಆ ವರ್ಷ ಇಡೀ ಊರಿನಲ್ಲಿ ಹೆಣ್ಣುಮಗಳಿಗೆ ಕೆಲಸ ಕಲಿಸಲು ಒಪ್ಪಿದವನು ದೌಲತರಾಯ ಒಬ್ಬನೇ. ಸಹಿಯ ಹಾಳೆ ಅವನ ಮೇಜಿನ ಗಾಜಿನ ಕೆಳಗೆ ಇನ್ನೂ ಖಾಲಿಯಿತ್ತು. ನಾಳೆ ಕಾಲೇಜಿಗೆ ಕೊಡುವ ಕಡೆಯ ದಿನ.

ಅವಳು ಅಜ್ಜಿಯ ವಚನ ಕೇಳಿ ಬೆಳೆದವಳು. ಅಜ್ಜಿ ಲಿಂಗಪೂಜೆಗೆ ಕೂತು ಹೇಳುತ್ತಿದ್ದರೆ ಮೊಮ್ಮಗಳು ಮಗ್ಗುಲು ಸಹ ಬದಲಿಸುತ್ತಿರಲಿಲ್ಲ. ಕೇಳುವುದೂ ಪೂಜೆಯೇ ಎಂದು ನಂಬಿದ್ದಳು. ಕೆಟ್ಟದ್ದು ಆಗಿದ್ದೂ ಅದರಿಂದಲೇ.

ಒಂಬತ್ತು ದಿನದ ಹಿಂದೆ ಚೌಡಾಪುರದ ಜಗದೇವಪ್ಪನ ತಾಯಿ ಲಿಂಗೈಕ್ಯಳಾದಳು. ಅವ್ವನ ನೆನಪಿಗೆ ಭಜನೆಯನ್ನು ಕ್ಯಾಸೆಟ್ಟಿಗೆ ತುಂಬಿಕೊಡಿರೆಂದು ಅವನು ಹೇಳಿಕಳಿಸಿದ್ದ. "ಹೆಂಗಸರ ನಡುವ ನಾ ಕೂಡಾಕ ಬರಂಗಿಲ್ಲ, ನೀ ಕೂಡಬೇ" ಎಂದು ದೌಲತರಾಯ ಮೈಕು, ಟೇಪು ಎರಡನ್ನೂ ಸುಭದ್ರಾಳ ಕೈಗೆ ಕೊಟ್ಟು ಅಂಗಳದಲ್ಲೇ ಉಳಿದ. ಪಡಸಾಲೆಯಲ್ಲಿ ಮುದುಕಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ. ಭಜನೆಯವರು ಚಹಾಕ್ಕೆ ಎದ್ದ ಹೊತ್ತಿಗೆ ಸರಿಯಾಗಿ ಆಳಂದಕ್ಕೆ ಕೊಟ್ಟ ಮಗಳು ಗಂಗಾಬಾಯಿ ಗಂಡನ ಜೊತೆ ಬಂದಿಳಿದಳು. ತಾಯಿಯ ಮೊಣಕಾಲು ತಬ್ಬಿಕೊಂಡು, ಹಾಡ್ಯಾಡಿಕೊಂಡು ಅಳತೊಡಗಿದಳು.

"ಬೆನ್ನ ಮ್ಯಾಲಿನ ಬಾರಕೋಲ ಬರಿ ಯಾರಿಗಿ ತೋರಿಸಲೇ, ಹಡದವ್ವಾ,
ಎಣ್ಣಿ ಹಚ್ಚೋ ಕೈ ಎರಡೂ ತಣ್ಣಗ ಮಾಡಿಕೊಂಡಿ.
ಬಂದು ಕರಕೊಂಡು ಹೋಗಂದರ, ಅಣ್ಣಯ್ಯಾ, ಬಿತ್ತಿಗಿ ಅದ ಅಂದಿ,
ಬಿತ್ತಿದ್ದು ಬೆಳದು ನಿಂತಾಗ ರಾಶಿ ಅದ ಅಂದಿ."

ಆ ಸೀಮೆಯ ಹೆಣ್ಣುಮಕ್ಕಳು ಬರೀ ಅಳುವುದಿಲ್ಲ, ಪದ ಕಟ್ಟಿ ಅಳುತ್ತಾರೆ. ಬದುಕಿದ್ದವರ ಮುಂದೆ ಆಡಲಾಗದ್ದನ್ನು ಹೆಣದ ಮುಂದೆ ಆಡುತ್ತಾರೆ. ಹೊಡೆದ ಗಂಡನಿರಲಿ, ಕರೆಯದ ತವರಿರಲಿ, ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಹೆಣ ಎದ್ದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಜಗಳದ ಭರದಲ್ಲೂ. ಅದು ಮಣ್ಣಿನ ಜೊತೆ ಹೋಯಿತೆಂದೇ ಲೆಕ್ಕ. ಅವತ್ತೂ ಗಂಗಾಬಾಯಿಯ ಗಂಡ ಅಂಗಳದಲ್ಲಿ ಕೂತು ಕಡ್ಡಿಯಿಂದ ನೆಲ ಕೆರೆಯುತ್ತಿದ್ದ. ಜಗದೇವಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡಿದ್ದ.

ಸುಭದ್ರಾ ಟೇಪು ನಿಲ್ಲಿಸಬೇಕಿತ್ತು. ಆದರೆ ಪದದಿಂದ ಪದ ಹುಟ್ಟುವುದನ್ನು ಅಷ್ಟು ಸನಿಹದಿಂದ ಅವಳು ಎಂದೂ ಕೇಳಿರಲಿಲ್ಲ. ಅಜ್ಜಿಯ ಮುಂದೆ ಕೂತವಳ ಹಾಗೆ ಕೂತುಬಿಟ್ಟಳು. ಟೇಪು ಓಡುತ್ತಲೇ ಇತ್ತು.

ಈಗ ದೌಲತರಾಯ ಹೆಡ್‌ಫೋನ್ ತೆಗೆದು, ಡಬ್ಬಿಯಲ್ಲಿ ಉಗಿದು, ಗಲ್ಲ ಒರೆಸಿಕೊಂಡ. "ಕ್ಯಾಸೆಟ್ಟಿನ ಒಂದು ಕಡಿ ಭಜನಿ, ಇನ್ನೊಂದು ಕಡಿ ಅಳು. ನಡುನಡುವ ಶಹನಾಯಿ ಹಾಕಿದ್ರ, ಆಳಂದದಿಂದ ಅಫಜಲಪುರ ತನಕ ಇದನ್ನ ಹಚ್ಚದ ಪಾನ್‌ಪಟ್ಟಿ ಅಂಗಡಿ ಒಂದೂ ಇರಂಗಿಲ್ಲ ನೋಡು."

"ಅದು ಹೆಣದ ಮುಂದಿನ ಮಾತುರಿ, ಸರ."

"ಹೆಣ ಎಲ್ಲಿ ಕೇಳ್ತದ ಬೇ? ಕಿವಿ ನಮಗವ, ನಾವು ಕೇಳೋಣು!" ತನ್ನ ಮಾತಿಗೆ ತಾನೇ ನಕ್ಕ. ಕೆಂಪು ಜೊಲ್ಲು ಮತ್ತೆ ಗಲ್ಲಕ್ಕಿಳಿಯಿತು.

ಅಷ್ಟರಲ್ಲಿ ಕ್ಯಾಸೆಟ್ ಒಯ್ಯಲು ಜಗದೇವಪ್ಪ ಬಂದ. ಸುಭದ್ರಾಗೆ ಜೀವ ಬಂದಂತಾಯಿತು. ಒಡಹುಟ್ಟಿದವನು, ಕೇಳಿದ ಕೂಡಲೇ ಟೇಪು ಎತ್ತಿ ಒಗೆಯುತ್ತಾನೆ ಎಂದುಕೊಂಡಳು. ದೌಲತರಾಯ ಮಾರುವ ವಿಚಾರ ಹೇಳಿ, ಟೇಪಿನಲ್ಲಿ ಅಳು ಹಚ್ಚಿದ. ಜಗದೇವಪ್ಪ ತಲೆ ತಗ್ಗಿಸಿ ಕೊನೆಯ ತನಕ ಕೇಳಿದ. ಅವನ ಕಣ್ಣಲ್ಲಿ ನೀರಾಡಿತು. ಒರೆಸಿಕೊಂಡು ಕೇಳಿದ:

"ಬಿತ್ತಿಗಿ, ರಾಶಿ ಅಂತ ನನ್ನ ಸುದ್ದಿ ಬಂದದಲ್ರಿ, ಅಷ್ಟು ತಗಿಲಿಕ್ಕಿ ಬರ್ತದೇನು?"

"ಯಾಕ ಬರಂಗಿಲ್ಲ? ಉಳದದ್ದು?"

"ಉಳದದ್ದು ಇರ್ಲಿ. ಆಳಂದದಾಗ ಚಹಾದಂಗಡಿ ಚಹಾದಂಗಡಿಗೆ ಹಚ್ಚಲಿ. ಆಕಿ ಗಂಡ ಅನ್ನೋ ಆ ಭಾಡ್ಯಾನ ಮಾನ ಒಮ್ಮಿ ಹೋಗ್ಲಿ."

ಇಬ್ಬರೂ ನಕ್ಕರು. ಅಂಗಡಿಯಲ್ಲಿ ಕುಂಬಳಕಾಯಿಯ ಕೊಳೆತ ಭಾಗ ಕೊಯ್ದು ಉಳಿದದ್ದು ಕಟ್ಟಿಕೊಡು ಅಂದಂತಿತ್ತು. ಸುಭದ್ರಾ ಜಗದೇವಪ್ಪನ ಕಡೆ ತಿರುಗಿದಳು.

"ಅಣ್ಣಾರ, ಗಂಗಕ್ಕ ಅದೇ ಗಂಡನ ಮನ್ಯಾಗ ಇರ್ಬೇಕಲ್ರಿ? ಇದು ಆ ಊರಾಗ ಕೇಳಿಸಿದ ದಿನ ಆಕಿ ಗತಿ ಏನ್ರಿ? ಮೊದಲ ಹೋಗಿ ಆಕಿನ್ನ ಕರಕೊಂಡು ಬರ್ತೀರೇನು?"

ಜಗದೇವಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಈಗ ಕಬ್ಬಿಗಿ ನೀರು ಬಿಡೋದದ, ತಂಗಿ. ಹೊತ್ತಿಲ್ಲ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ನೋಡಿದ್ದು ತನ್ನ ಕೈಯನ್ನು. ಅಣ್ಣ ಕರೆಯಲು ಹೋಗಲಿಲ್ಲ, ದೌಲತರಾಯ ಮಾರಲು ಕೂತ. ಆದರೆ ಮೈಕು ಹಿಡಿದದ್ದು ಈ ಕೈ. ಎಷ್ಟು ತೊಳೆದರೆ ಹೋದೀತು?

ದೌಲತರಾಯ ಗಾಜಿನ ಕೆಳಗಿನ ಹಾಳೆ ಎಳೆದು, ಪೆನ್ನಿನ ಟೊಪ್ಪಿಗೆ ತೆಗೆದ. "ಶಾಣ್ಯಾ ಹುಡುಗಿ ನೀ. ಇವರ ಸುದ್ದಿ ಬಂದದ್ದಷ್ಟು ಬಿಟ್ಟು, ಉಳದದ್ದು ಹೊಸ ಕ್ಯಾಸೆಟ್ಟಿಗಿ ಇಳಸು. ಇಳಸೋದರಾಗ 'ಕೆಲಸ ಅತ್ಯುತ್ತಮ' ಅಂತ ಬರದು ಸಹಿ ಹಾಕತೇನಿ."

ಸುಭದ್ರಾ ಎದ್ದಳು. ಟೇಪಿನ ಬಾಗಿಲು ತೆರೆದು ಕ್ಯಾಸೆಟ್ಟು ಹೊರತೆಗೆದಳು. ಇದ್ದದ್ದು ಅದೊಂದೇ, ಬೇರೆ ಪ್ರತಿ ಇನ್ನೂ ಆಗಿರಲಿಲ್ಲ. ಮಿಷನ್ನಿನ ಕಾವಿಗೆ ಅದು ಬೆಚ್ಚಗಿತ್ತು. ಸೆರಗಿನೊಳಗೆ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಳು.

"ಅಲ್ಲೆಲ್ಲಿ ಹೊಂಟಿ? ಇಳಸೋ ಮಿಷನ್ ಈ ಕಡಿ ಅದ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ದೌಲತರಾಯ ಹಾಳೆಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ. "ವರ್ಷ ಹಾಳಾಗ್ತದ ನೋಡು. ಅಪ್ಪಗ ಏನು ಹೇಳಾಕಿ? ತಾ ಇಲ್ಲಿ ಕ್ಯಾಸೆಟ್ಟು."

ಜಗದೇವಪ್ಪ ದನಿ ಇಳಿಸಿ, "ಕೊಡವ್ವ, ನಮ್ಮ ಮನಿದು ಅದು" ಎಂದು ಕೈ ಚಾಚಿದ.

"ಕೊಡಂಗಿಲ್ರಿ," ಅಂದಳು ಸುಭದ್ರಾ.